ಯೀಸ್ಟ್ ಹನಿಯಲ್ಲಿ ಇ. ಕೋಲಿಯ ಹಿಡಿತ

ಉರಿಮೂತ್ರದ ಸೋಂಕಿನ ಪಾಠವನ್ನು ನಾನು ಔಷಧಗಳಿಂದ ಆರಂಭಿಸುವುದಿಲ್ಲ. ಮೂತ್ರಕೋಶ ದಿನಕ್ಕೆ ಹಲವು ಬಾರಿ ತನ್ನನ್ನು ತಾನೇ ತೊಳೆದುಕೊಳ್ಳುವ ಅಂಗ. ಗೋಡೆಯನ್ನು ಹಿಡಿದು ನಿಲ್ಲಲಾಗದ ಬ್ಯಾಕ್ಟೀರಿಯಾ ಮೂತ್ರದೊಂದಿಗೆ ಹೊರಬೀಳುತ್ತದೆ. ಈ ಸೋಂಕುಗಳಲ್ಲಿ ಬಹುಪಾಲಿಗೆ ಕಾರಣವಾದ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಅಲ್ಲಿ ಹೇಗೆ ನೆಲೆಯೂರುತ್ತದೆ ಎಂಬುದನ್ನು ವಿದ್ಯಾರ್ಥಿನಿಯರು ಮೊದಲು ಕಣ್ಣಾರೆ ಕಾಣಬೇಕು ಎಂಬುದು ನನ್ನ ಹಟ.

ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ರೋಗ ತರದ, ಪ್ರಯೋಗಾಲಯದ ಇ. ಕೋಲಿ ತಳಿಯನ್ನು ಬ್ರಾತ್ ಎಂಬ ಪೋಷಕ ದ್ರವದಲ್ಲಿ ಹಾಕಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸದೆ ಎರಡು ದಿನ ಬಿಡುತ್ತೇನೆ. ಅಲುಗಾಡಿಸದಿರುವುದು ಮುಖ್ಯ. ನಿಂತ ದ್ರವದಲ್ಲಿ ಬೆಳೆದಾಗಲೇ ಅದರ ಮೈಮೇಲೆ ಫಿಂಬ್ರಿಯಾ ಎಂಬ ಸೂಕ್ಷ್ಮ ಎಳೆಗಳು ದಟ್ಟವಾಗಿ ಮೂಡುತ್ತವೆ. ಅಗಾರ್ ಎಂಬ ಗಟ್ಟಿ ಮಾಧ್ಯಮದ ತಟ್ಟೆಯಲ್ಲಿ ಬೆಳೆಸಿದರೆ ಅಷ್ಟಾಗಿ ಮೂಡುವುದಿಲ್ಲ. ದ್ರವದ ಮೇಲೆ ತೆಳು ಪೊರೆ ಕಟ್ಟಿದ್ದರೆ ಕೆಲಸ ಆಗುತ್ತದೆ ಎಂದು ನನಗೆ ಧೈರ್ಯ.

ಬೇಕರಿಯ ಯೀಸ್ಟನ್ನು ಲವಣದ್ರಾವಣದಲ್ಲಿ ಕದಡಿ, ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ಇಟ್ಟು, ಪಕ್ಕದಲ್ಲಿ ಬ್ಯಾಕ್ಟೀರಿಯಾದ ಒಂದು ಹನಿ ಹಾಕಿ ಬೆರೆಸಿ, ಸ್ಲೈಡನ್ನು ಮೆಲ್ಲನೆ ಓಲಾಡಿಸುತ್ತೇವೆ. ಹಾಲಿನಂತಿದ್ದ ಹನಿ ನೋಡನೋಡುತ್ತಲೇ ಒಡೆದು, ಬಿಳಿ ಗರಣೆಗಳು ಬೇರೆಯಾಗಿ, ನಡುವೆ ತಿಳಿನೀರು ಕಾಣುತ್ತದೆ. ಎರಡನೆಯ ಹನಿಗೆ ಮೊದಲೇ ಮ್ಯಾನೋಸ್ ಎಂಬ ಸಕ್ಕರೆಯನ್ನು ಬೆರೆಸಿರುತ್ತೇವೆ. ಅದು ಒಡೆಯುವುದಿಲ್ಲ. ಮೂರನೆಯದಕ್ಕೆ ಗ್ಲೂಕೋಸ್, ಅದು ಮತ್ತೆ ಒಡೆಯುತ್ತದೆ. ಈ ಮೂರನೆಯ ಹನಿಯನ್ನು ಯಾರೂ ಬಿಡಬಾರದು, ಏಕೆಂದರೆ ಎಲ್ಲ ಸಕ್ಕರೆಯೂ ಒಂದೇ ಅಲ್ಲ ಎಂದು ತೋರಿಸುವುದು ಅದೇ. ಮುಗಿದ ಸ್ಲೈಡುಗಳೆಲ್ಲ ನೇರ ಸೋಂಕುನಿವಾರಕಕ್ಕೆ.

ಫಿಂಬ್ರಿಯಾ ಎಳೆಯ ತುದಿಯಲ್ಲಿ ಫಿಮ್‌ಎಚ್ ಎಂಬ ಪ್ರೋಟೀನು ಇದೆ. ಅದು ಹುಡುಕುವುದು ಮ್ಯಾನೋಸನ್ನು. ಯೀಸ್ಟಿನ ಹೊರಗೋಡೆಯಲ್ಲಿ ಮ್ಯಾನೋಸ್ ಧಾರಾಳವಾಗಿದೆ, ಹಾಗಾಗಿ ಬ್ಯಾಕ್ಟೀರಿಯಾ ಯೀಸ್ಟ್ ಕಣಗಳನ್ನು ಒಂದಕ್ಕೊಂದು ಅಂಟಿಸಿ ಗರಣೆ ಕಟ್ಟಿಸುತ್ತದೆ. ಮೂತ್ರಕೋಶದ ಒಳಪದರದ ಜೀವಕೋಶಗಳ ಮೇಲಿನ ಯೂರೋಪ್ಲಾಕಿನ್ ಪ್ರೋಟೀನಿನಲ್ಲೂ ಇದೆ. ಬಿಡಿ ಮ್ಯಾನೋಸ್ ಎದುರಾದರೆ ಫಿಮ್‌ಎಚ್ ಅದನ್ನೇ ಹಿಡಿದು ಕೂರುತ್ತದೆ, ಗೋಡೆಗೆ ಕೈ ಖಾಲಿ ಇರುವುದಿಲ್ಲ. ಮೂತ್ರದಲ್ಲೇ ಇರುವ ಯೂರೋಮಾಡ್ಯುಲಿನ್ ಎಂಬ ಪ್ರೋಟೀನು ಇದೇ ಉಪಾಯದಿಂದ ನಮ್ಮನ್ನು ಕಾಯುತ್ತದೆ. ಇನ್ನೊಂದು ಬೆರಗಿನ ಸಂಗತಿ: ಮೂತ್ರದ ಹರಿವು ಎಳೆದಾಗ ಫಿಮ್‌ಎಚ್ ಸಡಿಲಾಗುವ ಬದಲು, ದನದ ಮೈಯ ಉಣುಗಿನಂತೆ ಇನ್ನಷ್ಟು ಬಿಗಿಯುತ್ತದೆ. ಹಿಡಿದ ಬ್ಯಾಕ್ಟೀರಿಯಾ ಮುಂದೆ ಜೀವಕೋಶದ ಒಳಗೇ ನುಸುಳಬಲ್ಲದು. ವಾಸಿಯಾಯಿತು ಎಂದುಕೊಂಡ ಸೋಂಕು ಮತ್ತೆ ಮತ್ತೆ ಮರಳಲು ಇದೂ ಒಂದು ಕಾರಣ.

"ಹಾಗಾದರೆ ಮ್ಯಾನೋಸ್ ಪುಡಿ ಕುಡಿದರೆ ಸಾಕಲ್ಲವೇ ಮೇಡಂ?" ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಬರಲೇಬೇಕು. 1979ರಲ್ಲಿ ಇಲಿಗಳಲ್ಲಿ ಮ್ಯಾನೋಸಿನ ಒಂದು ರೂಪ ಸೋಂಕನ್ನು ತಡೆದದ್ದು ನಿಜ. ಆದರೆ 2024ರಲ್ಲಿ ಬ್ರಿಟನ್ನಿನಲ್ಲಿ ಪದೇ ಪದೇ ಸೋಂಕಾಗುತ್ತಿದ್ದ 598 ಮಹಿಳೆಯರ ಮೇಲೆ ನಡೆದ ಪ್ರಯೋಗದ ವರದಿ ಬಂತು. ಆರು ತಿಂಗಳು ದಿನಕ್ಕೆ ಎರಡು ಗ್ರಾಂ ಮ್ಯಾನೋಸ್ ತೆಗೆದುಕೊಂಡರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸ್ಲೈಡಿನಲ್ಲಿ ಗೆದ್ದದ್ದು ದೇಹದಲ್ಲೂ ಗೆಲ್ಲಬೇಕೆಂದಿಲ್ಲ. ಔಷಧದಂಗಡಿಯ ದುಬಾರಿ ಪೊಟ್ಟಣವನ್ನು ನಾನು ಯಾರಿಗೂ ಹೇಳುವುದಿಲ್ಲ.

ನೀರಿನ ಮಾತು ಬೇರೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ನೀರು ಕುಡಿಯುತ್ತಿದ್ದ ಮತ್ತು ಸೋಂಕು ಮರುಕಳಿಸುತ್ತಿದ್ದ 140 ಮಹಿಳೆಯರಲ್ಲಿ ಅರ್ಧದಷ್ಟು ಜನ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಬಾರಿ ಸೋಂಕಾದರೆ, ಉಳಿದವರಿಗೆ 3.2 ಬಾರಿ. ಹರಿವು ಗಟ್ಟಿಯಾಗಿ ಅಂಟಿದ್ದನ್ನು ಕೀಳದಿರಬಹುದು, ಆದರೆ ಇನ್ನೂ ಅಂಟದೆ ತೇಲುತ್ತಿರುವುದನ್ನು ಬೆಳೆಯಲು ಬಿಡದೆ ಹೊರಹಾಕುತ್ತದೆ ಎಂದು ನಾನು ವಿವರಿಸುತ್ತೇನೆ. ಮೂತ್ರವನ್ನು ತಡೆದಿಟ್ಟುಕೊಳ್ಳಬಾರದು, ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಉರಿ ಮರುಕಳಿಸುತ್ತಿದ್ದರೆ ಕಳೆದ ಸಲದ ಮಾತ್ರೆ ನುಂಗುವ ಮೊದಲು ಮೂತ್ರದ ಕಲ್ಚರ್, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕು. ಚಳಿಜ್ವರ, ಸೊಂಟದ ಮೇಲ್ಭಾಗದ ಪಕ್ಕೆನೋವು ಬಂದರೆ ಅಂದೇ ವೈದ್ಯರ ಬಳಿ ಹೋಗಬೇಕು. ಮೂತ್ರಪಿಂಡಕ್ಕೆ ಏರುವ ತಳಿಗಳಲ್ಲಿ ಹೆಚ್ಚಾಗಿ ಪಿ-ಫಿಂಬ್ರಿಯಾ ಎಂಬ ಬೇರೆಯೇ ಎಳೆ ಇರುತ್ತದೆ. ಅದು ಮ್ಯಾನೋಸಿಗೆ ಸೊಪ್ಪು ಹಾಕುವುದಿಲ್ಲ.

ಆದರೆ ನೀರು ಕುಡಿಯಿರಿ ಎಂದಾಗ ಹುಡುಗಿಯರು ಮುಖ ಮುಖ ನೋಡಿಕೊಂಡರು. ಚಿಲಕವಿಲ್ಲದ, ನಲ್ಲಿಯಲ್ಲಿ ನೀರಿಲ್ಲದ ಶೌಚಾಲಯಕ್ಕೆ ಹೆದರಿ, ಬೆಳಿಗ್ಗೆ ಮನೆ ಬಿಟ್ಟವರು ಸಂಜೆಯವರೆಗೆ ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಅವರನ್ನೇ ಕರೆದುಕೊಂಡು ಹೋಗಿ ಪ್ರಾಂಶುಪಾಲರ ಮುಂದೆ ಈ ಅಂಕಿಗಳನ್ನು ಇಟ್ಟೆ. ಚಿಲಕ ಬಂತು, ನಲ್ಲಿ ರಿಪೇರಿಯಾಯಿತು. ಪ್ರಾಯೋಗಿಕ ತರಗತಿಯ ನಡುವೆ ಈಗ ಯಾರ ಅನುಮತಿಯನ್ನೂ ಕೇಳದೆ ಎದ್ದು ಹೋಗಿಬರಬಹುದು.