ಹತ್ತು ಸಾವಿರದೊಳಗೆ ಆರು ಮಂದಿ ಗೋಕರ್ಣ: ಗಂಗಾವತಿಯಿಂದ ಹೋಗಿ ಬಂದ ನನ್ನ ಲೆಕ್ಕ

ಆರು ಮಂದಿ. ಸೋಮವಾರ ಹೋಗಿ ಗುರುವಾರ ವಾಪಸ್. ಗೋಕರ್ಣದ ಸಮುದ್ರ. ಖರ್ಚು ಹತ್ತು ಸಾವಿರದೊಳಗೆ. ಈ ಲೆಕ್ಕ ಹೇಳಿದಾಗ ನಾನು ಗುಮಾಸ್ತನಾಗಿರುವ ಅಕ್ಕಿ ಮಿಲ್ಲಿನಲ್ಲಿ ಒಬ್ಬರೂ ನಂಬಲಿಲ್ಲ. "ಹತ್ತು ಸಾವಿರ ಬರೇ ಡೀಸೆಲ್‌ಗೆ ಸಾಲಂಗಿಲ್ರೀ" ಎಂದರು ಹಮಾಲರ ಮೇಸ್ತ್ರಿ. ನಮ್ಮ ಭಾವ ಇನ್ನೂ ಮುಂದೆ ಹೋಗಿ, "ಹೆಣ್ಣುಮಕ್ಳನ್ನ ಕರ್ಕೊಂಡು ಕೆಂಪು ಬಸ್ಸಿನ್ಯಾಗ ಸಮುದ್ರಕ್ಕ ಹೋಗ್ತಾನಂತ, ಅರ್ಧ ದಾರಿಯಿಂದ ವಾಪಸ್ ಬರ್ತಾನ ನೋಡ್ರಿ" ಎಂದು ಊರಿಗೆಲ್ಲ ಹೇಳಿದ್ದರು. ಹೋಗಿ ಬಂದೆವು. ಒಂದು ಸಲ ಅಲ್ಲ, ಅದೇ ಲೆಕ್ಕದಲ್ಲಿ ಮತ್ತೆ ಹೋದೆವು. ಈಗ ಭಾವನೇ ಫೋನ್ ಮಾಡಿ ಕೇಳುತ್ತಾರೆ. ಹಾಗಾಗಿ ಒಮ್ಮೆ ಬರೆದಿಟ್ಟುಬಿಡೋಣ ಅನ್ನಿಸಿತು. ಚೀಟಿ ರಸೀದಿ ಇಟ್ಟುಕೊಂಡಿಲ್ಲ, ಅಂಕಿ ಎಲ್ಲ ನೆನಪಿನ ಮೇಲೆ.

ಮೊದಲು ಏನೇನು ಕೈಕೊಟ್ಟಿತು ಹೇಳುತ್ತೇನೆ. ಯಾಕೆಂದರೆ ಎಲ್ಲರೂ ಅಲ್ಲಿಂದಲೇ ಶುರು ಮಾಡುವುದು.

ಬಾಡಿಗೆ ಗಾಡಿ. ಏಳು ಸೀಟಿನ ಕಾರಿಗೆ ಕಿ.ಮೀ.ಗೆ ಹದಿನೈದು ಹದಿನಾರು ರೂಪಾಯಿ ಅಂದರು. ಕೇಳಲಿಕ್ಕೆ ಸಸ್ತಾ. ಆದರೆ ದಿನಕ್ಕೆ 300 ಕಿ.ಮೀ. ಮಿನಿಮಮ್ ಅಂತ ಒಂದು ಮಾತಿದೆಯಲ್ಲ, ಅದು ಕೊಲ್ಲುತ್ತದೆ. ನೀವು ಬೀಚಿನಲ್ಲಿ ಕೂತಿರುತ್ತೀರಿ, ಗಾಡಿ ಮರದ ಕೆಳಗೆ ನಿಂತಿರುತ್ತದೆ, ಮೀಟರು ಮಾತ್ರ ಓಡಿದ ಲೆಕ್ಕ. ನಾಲ್ಕು ದಿನಕ್ಕೆ 18 ಸಾವಿರ. ಮೇಲೆ ಡ್ರೈವರ್ ಬಾಟಾ, ಟೋಲು. ಟೆಂಪೊ ಟ್ರಾವೆಲರ್ ಕೇಳಿದರೆ 22 ಸಾವಿರ ದಾಟಿತು.

ಆಮೇಲೆ ಪ್ಯಾಕೇಜು. ಒಬ್ಬ ಏಜೆಂಟರು "ಸೀ ವ್ಯೂ ರೂಮು, ಊಟ ಸೇರಿ" ಎಂದು ಎರಡು ಸಾವಿರ ಅಡ್ವಾನ್ಸ್ ಹಾಕಿಸಿಕೊಂಡರು. ಹೊರಡುವ ವಾರ ಕೇಳಿದರೆ ನಾಲ್ಕು ಜನ ದೊಡ್ಡವರಿಗೆ ಎರಡು ರೂಮು ಕಡ್ಡಾಯ, ಮಕ್ಕಳ ಹಾಸಿಗೆಗೆ ತಲೆಗೆ ಐನೂರು ಬೇರೆ. ರೂಮು ಸಮುದ್ರದಿಂದ ಮೂರು ಕಿ.ಮೀ. ದೂರ. ಬೇಡ ಎಂದೆವು. ಆ ಎರಡು ಸಾವಿರ ಇವತ್ತಿಗೂ ಬಂದಿಲ್ಲ.

ಗೋವಾ ಲೆಕ್ಕವನ್ನೂ ಹಾಕಿ ನೋಡಿದ್ದಾಯಿತು. ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೆಯೇ ವಾಸ್ಕೋಗೆ ಹೋಗುತ್ತದೆ. ಕ್ಯಾಸಲ್‌ರಾಕ್ ಇಳಿದು ದೂಧ್‌ಸಾಗರ್ ಪಕ್ಕ ಹಾಯುವ ಆ ದಾರಿ ನೋಡಲು ಎರಡು ಕಣ್ಣು ಸಾಲದು. ಆದರೆ ಆರು ಮಂದಿಗೂ ಟಿಕೆಟ್, ಅಲ್ಲಿಳಿದ ಮೇಲೆ ಪ್ರತಿಯೊಂದಕ್ಕೂ ಗೋವಾ ರೇಟು. ಇಬ್ಬರೇ ಹೋಗುವವರಿಗೆ ಸರಿ, ಸಂಸಾರಕ್ಕೆ ಅಲ್ಲ.

ಹಾಗಾದರೆ ಹೇಗೆ? ನನ್ನ ಲೆಕ್ಕ ಶುರುವಾದದ್ದು ನಮ್ಮ ಸಾಣಾಪುರದಲ್ಲಿ. ಅಂಜನಾದ್ರಿಗೂ ಹಂಪಿಗೂ ಬರುವ ಜನ ನಮ್ಮ ಮಗ್ಗುಲಲ್ಲೇ ಇಳಿದುಕೊಳ್ಳುತ್ತಾರೆ. ಶನಿವಾರ ಮೂರು ಸಾವಿರ ಹೇಳುವ ಹೋಂಸ್ಟೇ ಸೋಮವಾರ ಮಧ್ಯಾಹ್ನ ಸಾವಿರಕ್ಕೆ ಇಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಖಾಲಿ ರೂಮು ಇಟ್ಟುಕೊಂಡು ಏನು ಮಾಡುತ್ತಾರೆ? ಹಂಪಿ ನೋಡಿದ ಹುಡುಗರು ಮುಂದೆ ಹೋಗುವುದು ಗೋಕರ್ಣಕ್ಕೇ. ಅಂದಮೇಲೆ ಅಲ್ಲಿಯ ವ್ಯಾಪಾರವೂ ಇದೇ ತರಹ ಇರಲೇಬೇಕು ಅಲ್ವಾ? ಇತ್ತು. ಪ್ರವಾಸಿಗರ ಜಾಗದ ಪಕ್ಕ ಬದುಕುವ ನಮಗೆ ಈ ವಿದ್ಯೆ ಪುಕ್ಕಟೆ ಸಿಕ್ಕಿದೆ. ಬಳಸಬೇಕು ಅಷ್ಟೇ.

ಎರಡನೆಯದು ಶಕ್ತಿ ಯೋಜನೆ. 2023ರ ಜೂನ್‌ನಿಂದ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ಆರು ಮಂದಿಯಲ್ಲಿ ಅವ್ವ, ಅಕ್ಕ, ಹೆಂಡತಿ, ಮಗಳು ಹೀಗೆ ನಾಲ್ವರು. ದುಡ್ಡು ಕೊಡುವವನು ನಾನೊಬ್ಬ. ಮಗನಿಗೆ ಅರ್ಧ ಟಿಕೆಟ್. ಹುಬ್ಬಳ್ಳಿಗೆ ನನಗೆ ಇನ್ನೂರರ ಆಸುಪಾಸು, ಅಲ್ಲಿಂದ ಗೋಕರ್ಣಕ್ಕೆ ಇನ್ನೂರು ಚಿಲ್ಲರೆ. ಹೋಗಿ ಬರಲು ಇಬ್ಬರದೂ ಸೇರಿ 1,300ರೊಳಗೆ ಮುಗಿಯಿತು. 18 ಸಾವಿರ ಎಲ್ಲಿ, 1,300 ಎಲ್ಲಿ! ಸ್ಲೀಪರ್, ರಾಜಹಂಸ ಇದಕ್ಕೆ ಬರುವುದಿಲ್ಲ. ರಾಜ್ಯದ ಗಡಿ ದಾಟಿದರೂ ಇಲ್ಲ. ಅದಕ್ಕೇ ನಮ್ಮ ಕರಾವಳಿಯೇ ಆಗಬೇಕು, ಹಗಲು ಪ್ರಯಾಣವೇ ಆಗಬೇಕು. ಎಲ್ಲರ ಆಧಾರ್ ಒಂದೇ ಚೀಲದಲ್ಲಿಡಿ. ಪ್ರತಿ ಬಸ್ಸಿನಲ್ಲೂ ಕೇಳುತ್ತಾರೆ.

ಹಗಲು ಹೋಗುವುದರಲ್ಲಿ ಇನ್ನೊಂದು ಲಾಭ ಇದೆ. ನಸುಕಿನಲ್ಲಿ ಗಂಗಾವತಿ ಬಿಟ್ಟರೆ ತಿಂಡಿ ಹೊತ್ತಿಗೆ ಹುಬ್ಬಳ್ಳಿ, ಮಧ್ಯಾಹ್ನ ಎರಡು ಮೂರರ ಸುಮಾರಿಗೆ ಗೋಕರ್ಣ. ಶನಿವಾರ ಭಾನುವಾರದ ಜನ ಹೋಗಿಯಾಗಿರುತ್ತದೆ, ಸೋಮವಾರದ ಗಿರಾಕಿ ಇನ್ನು ಬರುವುದಿಲ್ಲ ಎಂದು ಮನೆಯವರಿಗೂ ಗೊತ್ತಾಗಿರುತ್ತದೆ. ರೇಟು ಮಾತಾಡಲು ಅದೇ ಹೊತ್ತು. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಐದಕ್ಕೆ ಇಳಿದರೆ ಹನ್ನೆರಡು ಗಂಟೆಯ ಚೆಕ್‌ಔಟ್ ಇರುವ ಲಾಡ್ಜಿನಲ್ಲಿ ಏಳು ತಾಸಿಗೆ ಒಂದು ದಿನದ ಬಾಡಿಗೆ ಹೋಗುತ್ತದೆ.

ಹುಬ್ಬಳ್ಳಿಯಲ್ಲಿ ಬಸ್‌ಸ್ಟ್ಯಾಂಡ್ ಒಂದೇ ಅಲ್ಲ. ಗೋಕರ್ಣದ ಬಸ್ಸು ಎಲ್ಲಿಂದ ಬಿಡುತ್ತದೆ ಎಂದು ಬರುವ ಬಸ್ಸಿನ ಕಂಡಕ್ಟರನ್ನೇ ಕೇಳಿಕೊಳ್ಳಿ. ನೇರ ಬಸ್ ತಪ್ಪಿದರೆ ಅಂಕೋಲಾ ಬಸ್ ಹತ್ತಿ, ಅಲ್ಲಿ ಬದಲಾಯಿಸಿ. ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟ. ನಮ್ಮ ಬಯಲುಸೀಮೆ ಮಕ್ಕಳಿಗೆ ಆ ತಿರುವು ತಡೆಯುವುದಿಲ್ಲ. ಹುಬ್ಬಳ್ಳಿಯಲ್ಲಿ ಮಿರ್ಚಿ, ಪೂರಿ ತಿನ್ನಿಸಿದರೆ ಯಲ್ಲಾಪುರದಾಚೆ ಕಿಟಕಿಗೆ ಮುಖ ಇಡುತ್ತವೆ. ಇಡ್ಲಿ ಎರಡು, ನಿಂಬೆಹಣ್ಣು ಕೈಯಲ್ಲಿ, ಮುಂದಿನ ಸೀಟು. ಅಷ್ಟರಿಂದ ನಮ್ಮ ಮಗಳು ಆರಾಮಾಗಿ ಇಳಿದಳು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಗಂಡಸರು ಸಿಂಧನೂರು–ಹುಬ್ಬಳ್ಳಿ ಪ್ಯಾಸೆಂಜರ್ ರೈಲಿಗೆ, ಹೆಣ್ಣುಮಕ್ಕಳು ಬಸ್ಸಿಗೆ. ರೈಲು ಬಸ್ಸಿಗಿಂತ ಬಹಳ ಸಸ್ತಾ ನಿಜ. ಆದರೆ ಉಳಿದ ದುಡ್ಡು ಒಬ್ಬರಿಗೊಬ್ಬರು ಕಾಯುವಾಗ ಚಹಾ, ಬಜ್ಜಿಗೇ ಹೋಯಿತು. ಕೈಬಿಟ್ಟೆ.

ಯಾವಾಗ ಹೋಗಬೇಕು ಎಂಬುದು ನನ್ನ ಪ್ರಕಾರ ಬಾಡಿಗೆಗಿಂತ ದೊಡ್ಡ ವಿಷಯ. ನನಗೆ ನವೆಂಬರ್, ಡಿಸೆಂಬರ್‌ನಲ್ಲಿ ಭತ್ತದ ಸೀಸನ್, ಉಸಿರಾಡಲು ಆಗುವುದಿಲ್ಲ. ಮಳೆಗಾಲ ಬೇಡವೇ ಬೇಡ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಉಳಿದದ್ದು ದಸರಾ ಹಬ್ಬ ಮುಗಿದು ಹುಣ್ಣಿಮೆ ಕಳೆದ ಮೇಲಿನ ವಾರ, ಇಲ್ಲವೇ ಫೆಬ್ರವರಿ. ಎರಡು ದಿನ ಶಾಲೆ ತಪ್ಪಿದರೂ ಪರವಾಗಿಲ್ಲ ಎಂದುಕೊಂಡೆವು. ಅದರೊಳಗೂ ನಾನು ಕ್ಯಾಲೆಂಡರಿನಲ್ಲಿ ಅಷ್ಟಮಿ ಹುಡುಕುತ್ತೇನೆ. ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಯಲ್ಲಿ ಎಂಥ ಗದ್ದಲ ಇರುತ್ತದೆ ಗೊತ್ತಲ್ಲ? ಗೋಕರ್ಣವೂ ಕ್ಷೇತ್ರವೇ. ಅಮಾವಾಸ್ಯೆಗೆ ಪಿತೃಕಾರ್ಯಕ್ಕೆ ಬರುವವರು ಬೇರೆ. ರೂಮು ಸಿಗುವುದಿಲ್ಲ, ಸಿಕ್ಕರೂ ರೇಟು ಇಳಿಯುವುದಿಲ್ಲ. ಮತ್ತೆ ಹುಣ್ಣಿಮೆ, ಅಮಾವಾಸ್ಯೆಗೆ ಸಮುದ್ರದ ಉಬ್ಬರ ಜೋರು, ಅಷ್ಟಮಿ ಸುತ್ತಮುತ್ತ ಕಡಿಮೆ. ಮಕ್ಕಳನ್ನು ನೀರಿಗೆ ಬಿಡುವವರಿಗೆ ಒಂದೇ ದಿನಾಂಕದಲ್ಲಿ ಎರಡು ಲಾಭ.

ರೂಮಿನ ವಿಷಯ. ಬೀಚಿನ ಪಕ್ಕದ ರೆಸಾರ್ಟು ನೋಡಲೇಬೇಡಿ. ಗುಡಿಯ ಸುತ್ತ ಓಣಿಗಳಲ್ಲಿ ಯಾತ್ರಿಕರಿಗೆ ಕೋಣೆ ಕೊಡುವ ಹಳೇ ಮನೆಗಳಿವೆ. ಅವ್ವನನ್ನೂ ಮಕ್ಕಳನ್ನೂ ಚೀಲದ ಹತ್ತಿರ ಕೂರಿಸಿ, ನಾನು ಮತ್ತು ಅಕ್ಕ ಓಣಿ ಸುತ್ತಿದೆವು. ಹೆಣ್ಣುಮಕ್ಕಳು ಜೊತೆಗಿದ್ದರೆ ಮನೆಯವರು ಬೇಗ ಒಪ್ಪುತ್ತಾರೆ. ದೊಡ್ಡ ಕೋಣೆ, ಎರಡು ಮಂಚ, ಮೇಲೆ ಎರಡು ಗಾದಿ, ಎಲ್ಲ ಸೇರಿ ದಿನಕ್ಕೆ ಸಾವಿರದ ನೂರು ಎಂದರು. ಸಾವಿರಕ್ಕೆ ನಿಂತಿತು. ಮಾತಿನ ನಡುವೆ ನಾನು ಕೇಳುವ ಒಂದು ಪ್ರಶ್ನೆ ಇದೆ. ಅದಕ್ಕೆ ಬರುವ ಉತ್ತರದ ಮೇಲೆ ರೇಟು ಇಳಿಯುತ್ತದೋ ಇಲ್ಲವೋ ಹೇಳಿಬಿಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಮನೆಯ ಫೋನ್ ನಂಬರನ್ನೂ ಕೇಳಬೇಡಿ. ಹತ್ತು ಜನಕ್ಕೆ ಗೊತ್ತಾದರೆ ಮುಂದಿನ ಸಲ ನಮಗೇ ಸಿಗುವುದಿಲ್ಲ. ನಾವು ಒಯ್ದಿದ್ದ ಐದು ಕೆ.ಜಿ. ಸೋನಾ ಮಸೂರಿಯನ್ನು ಆ ಮನೆಯ ಅಮ್ಮನಿಗೆ ಕೊಟ್ಟೆವು ಎಂದಷ್ಟು ಹೇಳುತ್ತೇನೆ. ಗಂಗಾವತಿ ಅಕ್ಕಿ ಎಂದರೆ ಅಲ್ಲೂ ಮರ್ಯಾದೆ ಇದೆ. ರಾತ್ರಿ ನಮಗೆ ಬಿಸಿ ಅನ್ನ ಅವರ ಒಲೆಯಲ್ಲೇ ಆಯಿತು.

ಊಟದಲ್ಲಿ ದುಡ್ಡು ಸೋರುವುದು ಜಾಸ್ತಿ. ಆರು ಮಂದಿ ಹೊತ್ತಿಗೊಮ್ಮೆ ಹೋಟೆಲಿಗೆ ಹೋದರೆ ದಿನಕ್ಕೆ ಎರಡು ಸಾವಿರ ಸುಲಭವಾಗಿ ಹೋಗುತ್ತದೆ. ನಾವು ಬೆಳಿಗ್ಗೆ ಮಾತ್ರ ಹೊರಗೆ ತಿಂದೆವು. ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೊಸರು ಅಲ್ಲೇ ಕೊಂಡದ್ದು. ಒಂದು ದಿನ ಗುಡಿಯ ಪ್ರಸಾದ. ಒಂದು ದಿನ ಬಂಗಡೆ ಊಟ, ಗುಡಿ ಓಣಿಯಿಂದ ಹೊರಗೆ ಹೋಗಿ. ಆ ಮನೆಗಳಿಗೆ ಮೀನು ತರಬಾರದು, ಅದು ಅವರ ರೀತಿ. ಊಟ ತಿಂಡಿ ಎಲ್ಲ ಸೇರಿ ಮೂರು ಸಾವಿರದ ಸುತ್ತ ಆಗಿರಬೇಕು.

ಆದರೆ ಖಡಕ್ ರೊಟ್ಟಿ ಒಯ್ಯುವವರು ಇದನ್ನು ಓದಲೇಬೇಕು. ನಮ್ಮಲ್ಲಿ ತಿಂಗಳುಗಟ್ಟಲೆ ಗರಿಗರಿ ಇರುವ ರೊಟ್ಟಿ ಅಲ್ಲಿ ಒಂದು ರಾತ್ರಿಗೆ ಚರ್ಮದಂತಾಗುತ್ತದೆ. ಗಾಳಿಯಲ್ಲೇ ನೀರಿದೆ. ಮೊದಲ ಸಲ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟ ರೊಟ್ಟಿಯೆಲ್ಲ ಮೆತ್ತಗಾಯಿತು. ಚೂಡಾ ಕೂಡ ಸತ್ತುಹೋಯಿತು. ಆಮೇಲೆ ಹೆಂಡತಿ ಪರೀಕ್ಷೆ ಮಾಡಿದಳು: ಒಂದಿಷ್ಟು ಸ್ಟೀಲ್ ಡಬ್ಬಿಯಲ್ಲಿ, ಒಂದಿಷ್ಟು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಂದಿಷ್ಟು ಹೊತ್ತೊತ್ತಿಗೆ ಬೇಕಾದಷ್ಟೇ ಕಟ್ಟಿ ಗಾಳಿ ತೆಗೆದ ಚೀಲದಲ್ಲಿ. ಸ್ಟೀಲ್ ಡಬ್ಬಿ ಪದೇ ಪದೇ ತೆಗೆದದ್ದಕ್ಕೆ ಸೋತಿತು. ಚಿಕ್ಕ ಕಟ್ಟುಗಳು ಕೊನೆಯ ದಿನದವರೆಗೆ ಗರಿಗರಿ ಉಳಿದವು. ಹಿಂಡಿಗೆ ಏನೂ ಆಗುವುದಿಲ್ಲ, ಎಣ್ಣೆ ಇದೆಯಲ್ಲ.

ಕುಡಿಯುವ ನೀರು ಬಾಟಲಿಯಲ್ಲಿ ಕೊಳ್ಳಬೇಡಿ. ಇಪ್ಪತ್ತು ಲೀಟರ್ ಕ್ಯಾನು ತರಿಸಿ ಕೋಣೆಯಲ್ಲಿಟ್ಟು ಮನೆಯ ಬಾಟಲಿ ತುಂಬಿಸಿಕೊಳ್ಳಿ. ಬೆವರು ಕಿತ್ತು ಬರುವ ಊರು, ನೀರಿನ ದುಡ್ಡೇ ದಿನಕ್ಕೆ ಇನ್ನೂರು ಆಗುತ್ತಿತ್ತು.

ತಿರುಗಾಟಕ್ಕೆ ಆಟೋ ಖರ್ಚು ಸಾವಿರ, ಸಾವಿರದ ಇನ್ನೂರು. ಓಂ ಬೀಚಿಗೆ ಮಾತ್ರ ಆಟೋ ಬೇಕೇ ಬೇಕು, ಅವ್ವನ ಕಾಲು ಗುಡ್ಡ ಹತ್ತುವುದಿಲ್ಲ. ಕುಡ್ಲೆ ಬೀಚಿಗೆ ನಾನೂ ಮಕ್ಕಳೂ ರಾಮತೀರ್ಥದ ಮೇಲಿನಿಂದ ನಡೆದೇ ಹೋದೆವು. ಉಪ್ಪುನೀರಿನಲ್ಲಿ ಆಡಿ ಬಂದು ರಾಮತೀರ್ಥದ ಸಿಹಿನೀರಿಗೆ ಮೈಯೊಡ್ಡಿದರೆ ಅದರ ಸುಖ ಬೇರೆ. ಬೋಟಿನವರು ಡಾಲ್ಫಿನ್ ತೋರಿಸುತ್ತೇವೆ ಎಂದು ತಲೆಗೆ ಮುನ್ನೂರು, ನಾನೂರು ಕೇಳುತ್ತಾರೆ. ಮಕ್ಕಳಿಗೆ ಬೇಕಾದದ್ದು ನೀರಿನ ಮೇಲೆ ಹೋಗುವುದು. ತದಡಿ ಬಂದರಿಗೆ ಹೋಗಿ, ಅಲ್ಲಿಂದ ಜನ ದಿನಾ ಓಡಾಡುವ ದೋಣಿಯಲ್ಲಿ ಅಘನಾಶಿನಿ ನದಿ ದಾಟಿ, ವಾಪಸ್ ಬಂದೆವು. ಚಿಲ್ಲರೆ ಕಾಸಿನಲ್ಲಿ ಮುಗಿಯಿತು. ಮೀನಿನ ದೋಣಿ, ಬಲೆ, ಹದ್ದು, ಎಲ್ಲ ಕಂಡವು. ಬರುವ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಗದ್ದೆ. ಭತ್ತದ ಗದ್ದೆಯ ಹಾಗೇ ಬದು ಕಟ್ಟಿ ಸಮುದ್ರದ ನೀರು ನಿಲ್ಲಿಸಿರುತ್ತಾರೆ. ಬಿಸಿಲು ಉಳಿದ ಕೆಲಸ ಮಾಡುತ್ತದೆ. ಉಪ್ಪು ತೆಗೆಯುವುದನ್ನು ನೋಡಬೇಕಾದರೆ ಬೇಸಿಗೆಯೇ ಆಗಬೇಕು. ನಮ್ಮ ಮಗ ಈಗಲೂ ಎಲ್ಲಕ್ಕಿಂತ ಮೊದಲು ಅದನ್ನೇ ಹೇಳುತ್ತಾನೆ.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿ ಇಲ್ಲ. ನಮ್ಮ ಹುಡುಗರು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಈಜು ಕಲಿತವರು. ಆ ಧೈರ್ಯ ಸಮುದ್ರದಲ್ಲಿ ನಡೆಯುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅಲೆ ಒಡೆಯದೆ ನೀರು ಶಾಂತವಾಗಿ ಕಾಣುವ ಪಟ್ಟಿ ಇರುತ್ತದಲ್ಲ, ಒಳಗೆ ಎಳೆಯುವ ಸೆಳೆತ ಹೆಚ್ಚಾಗಿ ಅಲ್ಲೇ ಇರುತ್ತದೆ. ಮೊಣಕಾಲುದ್ದ ನೀರು, ದೊಡ್ಡವರೊಬ್ಬರು ಮಕ್ಕಳಿಗಿಂತ ಸಮುದ್ರದ ಕಡೆ ನಿಂತಿರಬೇಕು. ಸಂಜೆಯಾದ ಮೇಲೆ ಯಾರೂ ಇಳಿಯಬಾರದು. ಜೀವರಕ್ಷಕರು ಬೇಡ ಎಂದರೆ ವಾದ ಬೇಡ.

ಈಗ ಒಟ್ಟು ಮಾಡಿ ನೋಡಿ. ಬಸ್ 1,300, ಕೋಣೆ ಮೂರು ಸಾವಿರ, ಊಟ ಮೂರು, ಆಟೋ ಸಾವಿರದ ಇನ್ನೂರು, ಐಸ್‌ಕ್ರೀಮು, ಗುಡಿ, ಆಟಿಕೆ ಸೇರಿ ಸಾವಿರ. ಒಂಬತ್ತೂವರೆ ಆಯಿತು. ದುಡ್ಡಿಗೂ ಸಾಲ ಮಾಡಲಿಲ್ಲ. ನಮ್ಮ ರೇಷನ್ ಕಾರ್ಡಿನಲ್ಲಿ ಅವ್ವನೇ ಯಜಮಾನಿ. ತಿಂಗಳಿಗೆ ಎರಡು ಸಾವಿರದ ಗೃಹಲಕ್ಷ್ಮಿ ದುಡ್ಡನ್ನು ಐದಾರು ತಿಂಗಳು ಮುಟ್ಟದೆ ಇಟ್ಟಿದ್ದಳು. ಎಪ್ಪತ್ತರ ಹತ್ತಿರದ ಅವ್ವ ತನ್ನ ದುಡ್ಡಿನಲ್ಲಿ ಎಲ್ಲರನ್ನೂ ಸಮುದ್ರಕ್ಕೆ ಕರೆದುಕೊಂಡು ಹೋದಳು ಎಂದೇ ನಾನು ಊರಲ್ಲಿ ಹೇಳುವುದು.

ಗುಡಿ, ಓಣಿ ಬೇಡ, ಬರೇ ಸಮುದ್ರ ಸಾಕು ಎನ್ನುವವರಿಗೆ ಕಾರವಾರ ನೋಡಿ. ಟ್ಯಾಗೋರ್ ಬೀಚು ಊರೊಳಗೇ ಇದೆ, ಆಟೋ ಖರ್ಚೇ ಇಲ್ಲ. ಪಕ್ಕದಲ್ಲೇ ಚಪಲ್ ಯುದ್ಧನೌಕೆಯ ಮ್ಯೂಸಿಯಂ. ಬಳ್ಳಾರಿಯವರಿಗೂ ಇದೇ ದಾರಿ: ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ. ಬಸ್ಸಿನಲ್ಲಿ ಒಂದೆರಡು ತಾಸು ಜಾಸ್ತಿ ಕೂರಬೇಕು. ರಾಯಚೂರಿನವರು ಒಂದೇ ಹಗಲಿನಲ್ಲಿ ಮುಟ್ಟುವ ಹಟ ಮಾಡಬೇಡಿ. ಭಾನುವಾರ ಮಧ್ಯಾಹ್ನ ಹೊರಟು ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ನೆಂಟರ ಮನೆ ಇದ್ದರೆ ಮಲಗಿ, ಸೋಮವಾರ ಬೆಳಗಿನ ಬಸ್ ಹಿಡಿಯಿರಿ. ಮೂರು ಗಂಟೆಯೊಳಗೆ ಗೋಕರ್ಣದ ಓಣಿಯಲ್ಲಿರಬೇಕು. ಅದು ತಪ್ಪಿದರೆ ರೇಟು ತಪ್ಪುತ್ತದೆ.