ಆಷಾಢದಲ್ಲಿ ಮನೆ ನೋಡಿದವನ ಲೆಕ್ಕ

ಮೂರು ವರ್ಷದ ಹಿಂದೆ ಪುನರ್ವಸು ಮಳೆ ಹೊಡೆಯುತ್ತಿದ್ದಾಗ ನಾನು ತೀರ್ಥಹಳ್ಳಿ ಕಡೆಗೆ ಮನೆ ನೋಡಲು ಹೊರಟೆ. ಹೆಂಡತಿಯ ಅಣ್ಣ ಜಗುಲಿಯಲ್ಲಿ ಕವಳ ಹಾಕುತ್ತಾ, "ಭಾವ, ಆಷಾಢದಲ್ಲಿ ಮನೆ ವ್ಯವಹಾರವೇ? ತಲೆ ನೆಟ್ಟಗಿದೆಯೇ?" ಎಂದರು. ದಲ್ಲಾಳಿಯೂ ಅದನ್ನೇ ಹೇಳಿದ, ಸ್ವಲ್ಪ ಮರ್ಯಾದೆಯಿಂದ. ಈಗ ಅದೇ ಭಾವ ಸಾಗರದಲ್ಲಿ ಮಗನಿಗೊಂದು ಮನೆ ನೋಡಿಕೊಡಿ ಎಂದು ಕರೆಯುತ್ತಿದ್ದಾರೆ, ಅದೂ ಜುಲೈನಲ್ಲಿ. ಹಾಗಾಗಿ ಬರೆಯುವ ಉಮೇದು ಬಂದಿದೆ.

ಮೊದಲು ಕಳೆದುಕೊಂಡ ಹಣದ ಕಥೆ. 2012ರ ಏಪ್ರಿಲ್‌ನಲ್ಲಿ ಶಿವಮೊಗ್ಗದಲ್ಲಿ ಒಂದು ತಾರಸಿ ಮನೆ ಕೊಂಡಿದ್ದೆ. ಗೋಡೆಗೆ ಹೊಸ ಪುಟ್ಟಿ, ಹೊಸ ಬಣ್ಣ, ಕನ್ನಡಿಯಂಥ ನೆಲ. ಜೂನ್ ಮುಗಿಯುವಷ್ಟರಲ್ಲಿ ಪಶ್ಚಿಮದ ಗೋಡೆ ಬೆವರತೊಡಗಿತು. ಆಗಸ್ಟ್ ಹೊತ್ತಿಗೆ ಬೀರುವಿನೊಳಗಿದ್ದ ಧಾರೆ ಸೀರೆಗೂ ಬೂಸ್ಟು. ವಾಟರ್‌ಪ್ರೂಫಿಂಗ್ ಎಂದು ಒಬ್ಬ ಎಂಬತ್ತು ಸಾವಿರ ತೆಗೆದುಕೊಂಡ, ಮರುವರ್ಷ ಇನ್ನೊಬ್ಬ ಅರವತ್ತು. ಕೊನೆಗೆ ಎರಚಲು ತಡೆಯಲು ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸಿದ್ದಕ್ಕೆ ಲಕ್ಷದ ಮೇಲೆ. ಎಲ್ಲ ಸೇರಿ ಎರಡೂವರೆ ಲಕ್ಷದ ಆಸುಪಾಸು. ಮಾರಿದವರು ಮಾರ್ಚ್‌ನಲ್ಲಿಯೇ ಬಣ್ಣ ಹೊಡೆಸಿದ್ದು ಯಾಕೆ ಎಂದು ನನಗೆ ಹೊಳೆದದ್ದು ಆ ಮೇಲೆ. ಮಲೆನಾಡಿನಲ್ಲಿ ಬೇಸಿಗೆ ಎಂದರೆ ಮನೆ ಮಾರುವವರ ಸುಗ್ಗಿ.

ಎರಡನೆಯ ಪೆಟ್ಟು 2019ರ ಆಗಸ್ಟ್‌ನಲ್ಲಿ. ಶಿವಮೊಗ್ಗದಲ್ಲಿ ತುಂಗೆ ಏರಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದು ಊರಿಗೆ ಊರೇ ನೋಡಲು ಹೋಗಿತ್ತು, ನಾನೂ ಹೋಗಿದ್ದೆ. ಅದೇ ಹೊತ್ತಿಗೆ ತಮ್ಮನಿಗೆಂದು ನಾನೇ ಮುಂಗಡ ಕೊಟ್ಟಿದ್ದ ಬಾಡಿಗೆ ಮನೆಯೊಳಗೆ ಮೊಣಕಾಲುದ್ದ ನೀರು. ಹಳೆಯ ನೆರೆಯ ಗೆರೆಯನ್ನು ಮನೆಯ ಗೋಡೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಟ್ಟಿಗೆ ಕೊಟ್ಟಿಗೆಯಲ್ಲಿ ಹುಡುಕಬೇಕು, ಅಲ್ಲಿಗೆ ಯಾರೂ ಬಣ್ಣ ಹೊಡೆಸುವುದಿಲ್ಲ.

ಆಮೇಲೆ ಪಟ್ಟು ಹಿಡಿದೆ. ಒಂದೇ ಮನೆಗೆ ಮೂರು ಸಲ ಹೋಗುವುದು. ಜಡಿಮಳೆಯ ಮಧ್ಯಾಹ್ನ ಒಮ್ಮೆ, ರಾತ್ರಿ ಏಳೂವರೆಗೆ ಒಮ್ಮೆ, ಮಳೆ ಹೊಳವು ಕೊಟ್ಟು ಎರಡು ದಿನ ಆದ ಮೇಲೆ ಒಮ್ಮೆ. ಮೂರನೆಯದೇ ಮುಖ್ಯ. ಹೊಳವಾಗಿ ಎರಡು ದಿನವಾದರೂ ಮೂಲೆಯಲ್ಲಿ ಒದ್ದೆ ಆರದಿದ್ದರೆ, ನನ್ನ ಲೆಕ್ಕದಲ್ಲಿ ಅದು ಮಾಡಿನ ನೀರಲ್ಲ, ನೆಲದಿಂದ ಎದ್ದ ಜಲ. ಮಾಡು ಸೋರಿದರೆ ಹೆಂಚು ಬದಲಿಸಿದರೆ ಆಯಿತು. ಜಲಕ್ಕೆ ದುಡ್ಡು ಸುರಿದು ಗೆದ್ದವರನ್ನು ನಾನಂತೂ ಕಂಡಿಲ್ಲ.

ರಾತ್ರಿ ಹೋಗುವುದು ಅಟ್ಟಕ್ಕಾಗಿ. ಟಾರ್ಚ್ ಅಡ್ಡ ಹಿಡಿದರೆ ಹೆಂಚು ಕೂರುವ ರೀಪಿನ ಅಡಿಯಲ್ಲಿ ನಿಂತ ಹನಿಗಳು ಸಾಲಾಗಿ ಹೊಳೆಯುತ್ತವೆ. ಸಂಜೆ ಎಲ್ಲರೂ ದೀಪ ಹಾಕಿದ ಹೊತ್ತಿನ ವೋಲ್ಟೇಜ್ ಎಷ್ಟೆಂದೂ ತಿಳಿಯುತ್ತದೆ. ಒಂದು ಕಡೆ 160ರ ಹತ್ತಿರ ಇತ್ತು, ಪಂಪ್ ಏಳುವ ಮಾತೇ ಇಲ್ಲ. ಹೆಂಚಿನ ಬೆನ್ನ ಮೇಲಿನ ಕಾರ್ಖಾನೆಯ ಹೆಸರನ್ನೂ ಓದಿ. ಮಾಡೆಲ್ಲ ಒಂದೇ ಹೆಸರಿದ್ದು ನಡುವೆ ಹತ್ತಿಪ್ಪತ್ತು ಹೆಂಚಿಗೆ ಬೇರೆ ಹೆಸರಿದ್ದರೆ, ಆ ಜಾಗ ಹಿಂದೆ ಸೋರಿತ್ತು ಎಂದೇ ಲೆಕ್ಕ. ಅದರ ಕೆಳಗಿನ ಪಕಾಸನ್ನು, ಅಂದರೆ ಮಾಡು ಹೊರುವ ಇಳಿಜಾರು ಮರವನ್ನು, ಸ್ಕ್ರೂಡ್ರೈವರಿನಿಂದ ಚುಚ್ಚಿ. ನಾನು ಕೇಳದೆ ಚುಚ್ಚಿ ಒಬ್ಬ ಯಜಮಾನರಿಂದ ಬೈಸಿಕೊಂಡಿದ್ದೇನೆ. ಸ್ಕ್ರೂಡ್ರೈವರ್ ಹಿಡಿಯ ತನಕ ಒಳಗೆ ಹೋಗಿತ್ತು, ಬೈಗುಳಕ್ಕಿಂತ ಅದು ಲಾಭ.

ಆನ್‌ಲೈನ್‌ನಲ್ಲಿ ಸಾವಿರದ ಎಂಟುನೂರು ಕೊಟ್ಟು ತೇವಾಂಶದ ಮೀಟರ್ ತರಿಸಿದ್ದೆ. ಮಲೆನಾಡಿನ ಜುಲೈನಲ್ಲಿ ಅದು ಎಲ್ಲಿ ಇಟ್ಟರೂ ಕೆಂಪು ತೋರಿಸಿತು. ಸಿಟ್ಟು ಬಂದು ಹಪ್ಪಳಕ್ಕೆ ಇಳಿದೆ. ಕರಿದ ಹಲಸಿನ ಹಪ್ಪಳವನ್ನು ಬಿಗಿ ಡಬ್ಬಿಯಲ್ಲಿ ಒಯ್ದು, ಕೋಣೆಗೊಂದರಂತೆ ಗೋಡೆಯ ಬುಡದಲ್ಲಿ ಬಾಳೆಲೆಯ ಮೇಲೆ ಇಟ್ಟು, ಬಾಗಿಲು ಹಾಕಿ, ಮುಕ್ಕಾಲು ಗಂಟೆ ಕಾಫಿ ಮಾತಿನಲ್ಲಿ ಕಳೆಯುವುದು. ಎಲ್ಲವೂ ಮೆತ್ತಗಾಗುತ್ತವೆ, ನಿಜ. ಯಾವುದು ಮೊದಲು ಮೆತ್ತಗಾಯಿತು ಎಂಬುದೇ ಉತ್ತರ. ಒಂದು ಮನೆಯಲ್ಲಿ ದೇವರ ಕೋಣೆಯ ಹಪ್ಪಳ ಬಟ್ಟೆಯಂತೆ ಮಡಚಿಕೊಂಡಿತು. ಗೋಡೆಯ ಆಚೆ ಬಚ್ಚಲ ನೀರು ಹೋಗುವ ಕಾಲುವೆ ಒಡೆದಿತ್ತು. ಅಕ್ಕಿ ಹಪ್ಪಳ, ಉದ್ದಿನ ಹಪ್ಪಳವನ್ನೂ ಪರೀಕ್ಷಿಸಿದ್ದೇನೆ, ಹಲಸಿನದಕ್ಕೆ ಸಮ ಯಾವುದೂ ಇಲ್ಲ. ಗೆದ್ದಲು ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಹೊಸ್ತಿಲ ಬಳಿ ಇನ್ನೊಂದು ವಸ್ತು ಇಟ್ಟು ಬರುತ್ತೇನೆ. ಅದು ಏನೆಂದು ಭಾವನಿಗೂ ಹೇಳಿಲ್ಲ.

ಈ ಕ್ರಮ ಕೈಕೊಡುವುದು ಬಾವಿಯ ವಿಷಯದಲ್ಲಿ. ಆಷಾಢದಲ್ಲಿ ಯಾವ ಬಾವಿಯಾದರೂ ತುಂಬಿರುತ್ತದೆ. ಹೊಸನಗರದ ಕಡೆ ಒಂದು ಮನೆಗೆ ಹೀಗೆಯೇ ಮೋಸಹೋಗಿ ಹದಿನೈದು ಸಾವಿರ ಮುಂಗಡ ಕೊಟ್ಟಿದ್ದೆ. ಪಕ್ಕದ ಮನೆಯ ಅಜ್ಜಿ, "ಶಿವರಾತ್ರಿ ಕಳೆದ ಮೇಲೆ ಅವರು ನಮ್ಮ ಬಾವಿಗೇ ಬರುವುದು ತಮ್ಮಾ" ಎಂದರು. ಮುಂಗಡದಲ್ಲಿ ಐದು ಸಾವಿರ ಮಾತ್ರ ವಾಪಸು ಬಂತು. ಅಂದಿನಿಂದ ನೀರು ನೋಡುವುದಿಲ್ಲ, ಹಗ್ಗ ಅಳೆಯುತ್ತೇನೆ. ಗಡಗಡೆಯಲ್ಲಿ ಸುತ್ತಿಟ್ಟ ಹಗ್ಗ ಎಷ್ಟು ಮಾರು ಇದೆಯೋ, ಬೇಸಿಗೆಯ ನೀರು ಅಷ್ಟು ಕೆಳಗೆ.

ಹೀಗೆ ಹದಿನಾಲ್ಕೋ ಹದಿನೈದೋ ಮನೆ ನೋಡಿದೆ. ಪೆಟ್ರೋಲು, ಊಟ, ಮೇಸ್ತ್ರಿಯ ಕೂಲಿ ಎಲ್ಲ ಸೇರಿ ಇಪ್ಪತ್ತೆರಡು ಸಾವಿರ ಖರ್ಚು. ಎಲ್ಲಕ್ಕಿಂತ ಚೆಂದದ ಮನೆಯನ್ನು ಧರೆಯ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆಯ, ಕಾರಣಕ್ಕೆ ಬಿಟ್ಟೆ. ಅಡುಗೆ ಮನೆಯ ಹಿಂದೆ ಎಂಟು ಅಡಿ ದೂರದಲ್ಲಿ ಹದಿನೈದಡಿ ಎತ್ತರದ ಧರೆ, ಅದರಿಂದ ಕದಡಿದ ನೀರು ಜಿನುಗುತ್ತಿತ್ತು. ತಿಳಿ ನೀರಾಗಿದ್ದರೆ ಯೋಚಿಸುತ್ತಿದ್ದೆ. ಕದಡಿದ ನೀರೆಂದರೆ ಒಳಗಿನ ಮಣ್ಣು ಹೊರಟಿದೆ ಎಂದರ್ಥ. ಮತ್ತೆರಡನ್ನು ಕಾಗದ ನೋಡಿ ಬಿಟ್ಟೆ. ಒಂದರ ಅರ್ಧ ಅಂಗಳ ಸೊಪ್ಪಿನಬೆಟ್ಟದಲ್ಲಿತ್ತು, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಜಾಗದಲ್ಲಿ. ಇನ್ನೊಂದು ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯವರಿಗೆ ಕೊಟ್ಟ ಜಾಗ, ಅರವತ್ತು ವರ್ಷವಾದರೂ ಅವರ ಹೆಸರಿಗೆ ಪಹಣಿ ಆಗಿಲ್ಲ. ಅವರ ಮುಖ ನೋಡಿ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಕೊಂಡದ್ದು ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿರುವ ಹಳೆಯ ಹೆಂಚಿನ ಮನೆ, ಜಂಬಿಟ್ಟಿಗೆ ಗೋಡೆಯದು. ಹೇಳಿದ ಬೆಲೆ 38 ಲಕ್ಷ. ಹನ್ನೊಂದು ಪಕಾಸು ಟೊಳ್ಳು, ಪಶ್ಚಿಮದ ಸೂರು ಕುಳ್ಳು, ಮೀಟರ್ ಬೋರ್ಡಿಗೆ ನೀರಿಳಿಯುತ್ತದೆ ಎಂದು ಒಂದೊಂದನ್ನೇ ಮಳೆಯಲ್ಲಿ ನಿಲ್ಲಿಸಿ ತೋರಿಸಿದೆ. ಆಷಾಢದಲ್ಲಿ ಇನ್ನೊಬ್ಬ ಗಿರಾಕಿ ಬರುವುದಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. 33 ಲಕ್ಷದ ಐವತ್ತು ಸಾವಿರಕ್ಕೆ ಇಳಿಯಿತು. ಭಾವನ ಸಮಾಧಾನಕ್ಕೆ ಕರಾರು ಮಾತ್ರ ಶ್ರಾವಣದಲ್ಲಿ. ರಿಪೇರಿಗೆ ಒಂದು ಲಕ್ಷ ಅರವತ್ತು ಸಾವಿರದಷ್ಟು ಹೋಯಿತು. ಮೂರು ಮಳೆಗಾಲ ಕಳೆದಿವೆ, ಸೀರೆಗಳಿಗೆ ಬೂಸ್ಟು ಬಂದಿಲ್ಲ.

ಬಚ್ಚಲೊಲೆಯ ಹೊಗೆಗೂಡಿನ ಬುಡದಲ್ಲಿ ಮಾತ್ರ ಗಾಳಿಮಳೆ ಬಂದಾಗ ಒಂದು ಹನಿ ಬೀಳುತ್ತದೆ. ಅಲ್ಲಿಯ ಹೆಂಚು ಎರಡು ಸಲ ತೆಗೆಸಿ ನೋಡಿದ್ದೇನೆ, ಕಾರಣ ಸಿಕ್ಕಿಲ್ಲ. ಸದ್ಯಕ್ಕೆ ಬಕೆಟ್ ಇಟ್ಟಿದ್ದೇನೆ. ಭಾವ ಬಂದಾಗ ಅದನ್ನು ತೆಗೆದು ಕಟ್ಟಿಗೆಯ ಹಿಂದೆ ಇಡುತ್ತೇನೆ.