ಚೈನೀಸ್ ಅಕ್ಷರ ಬರಿಯೋಕೆ ಕಲಿಯೋದು: ಪೆನ್ ಎಲ್ಲಿ ಎತ್ತಬೇಕು ಅನ್ನೋದೇ ಮೊದಲ ಪಾಠ

ಚೈನೀಸ್ ಕಲಿಯೋಕೆ ಶುರು ಮಾಡಿದ ಹೊಸತರಲ್ಲಿ ನಾನು ಅಕ್ಷರ ಬರೀತಾನೇ ಇರ್ಲಿಲ್ಲ, ನೋಡ್ಕೊಂಡು ಚಿತ್ರ ಬಿಡಿಸ್ತಾ ಇದ್ದೆ ಅಷ್ಟೇ. ಬಾಯಿ ಅನ್ನೋದಕ್ಕೆ ಖೋವ್ ಅಂತ ಒಂದು ಅಕ್ಷರ, ನೋಡೋಕೆ ಬರೀ ಒಂದು ಚೌಕ, ನಮ್ದು ಕನ್ನಡದ ಗುಂಡು ಗುಂಡು ಅಕ್ಷರ ಬರೆದು ಪಳಗಿದ ಕೈ ಅಲ್ವಾ, ಪೆನ್ ಎತ್ತದೇ ಒಂದು ಸುತ್ತು ಹಾಕಿ ಮುಗಿಸ್ಬಿಡ್ತಿದ್ದೆ. ಅದು ನಿಜವಾಗ್ಲೂ ಮೂರು ಸ್ಟ್ರೋಕು, ಸ್ಟ್ರೋಕ್ ಅಂದ್ರೆ ಪೆನ್ ಎತ್ತದೇ ಒಂದೇ ಸಲಕ್ಕೆ ಎಳೆಯೋ ಗೆರೆ. ಎಡಗಡೆ ಗೆರೆ ಮೇಲಿಂದ ಕೆಳಕ್ಕೆ, ಪೆನ್ ಎತ್ತಿ. ಮತ್ತೆ ಮೇಲಿನ ಎಡ ಮೂಲೆಯಿಂದ ಬಲಕ್ಕೆ ಹೋಗಿ ಅಲ್ಲೇ ತಿರುಗಿಸಿ ಕೆಳಗಿಳಿಸಿ, ಇದು ಎರಡಲ್ಲ, ಒಂದೇ ಸ್ಟ್ರೋಕ್. ಕೊನೆಗೆ ಕೆಳಗಿನ ಅಡ್ಡಗೆರೆ. ಈ ಚೌಕ ಎಷ್ಟೋ ಅಕ್ಷರಗಳ ಒಳಗೆ ಕೂತಿರುತ್ತೆ, ಇಲ್ಲಿ ತಪ್ಪಿದ್ರೆ ಎಲ್ಲಾ ಕಡೆ ತಪ್ಪುತ್ತೆ.

ಹಾಗಾಗಿ ಅಕ್ಷರಕ್ಕಿಂತ ಮುಂಚೆ ಸ್ಟ್ರೋಕ್‌ಗಳ ಹೆಸರು ಕಲೀರಿ. ಅಡ್ಡಗೆರೆ ಹಂಗ್, ನೆಟ್ಟಗೆ ಇಳಿಯೋದು ಷು, ಎಡಕ್ಕೆ ಜಾರೋದು ಪಿಯೆ, ಬಲಕ್ಕೆ ಜಾರೋದು ನಾ, ಚುಕ್ಕೆ ದಿಯೆನ್, ತಿರುವು ಇದ್ರೆ ಜೆ. ಇನ್ನೂ ಕೊಕ್ಕೆ ಗಿಕ್ಕೆ ಇದೆ, ಅದು ಬರೀತಾ ಬರೀತಾ ಬರುತ್ತೆ. ಈಗ ಮರ ಅನ್ನೋ ಮು ಬರೀರಿ, ಬಾಯಲ್ಲಿ ಹೇಳ್ಕೊಂಡೇ ಬರೀರಿ: ಹಂಗ್, ಷು, ಪಿಯೆ, ನಾ. ಮೊದ್ಲು ಅಡ್ಡ, ಆಮೇಲೆ ಉದ್ದ, ಆಮೇಲೆ ಎಡದ ಕೊಂಬೆ, ಆಮೇಲೆ ಬಲದ್ದು. ಚೀನಾದಲ್ಲಿ ಫೋನಿನ ಸ್ಟ್ರೋಕ್ ಕೀಬೋರ್ಡಲ್ಲಿ ಐದೇ ಕೀ (ನಾ, ಚುಕ್ಕೆ ಎರಡಕ್ಕೂ ಒಂದೇ), ಇದೇ ಆರ್ಡರಲ್ಲಿ ಒತ್ಬೇಕು, ಮು ಅಂದ್ರೆ 1, 2, 3, 4. ಆರ್ಡರ್ ಗೊತ್ತಿಲ್ದೆ ಇದ್ರೆ ಅಕ್ಷರ ಸಿಗೋದು ಕಷ್ಟ, ಆದ್ರಿಂದ ಸ್ಟ್ರೋಕ್ ಆರ್ಡರ್ ಬರೀ ಟೀಚರ್‌ಗಳ ಹಠ ಅಂತ ಅನ್ಕೋಬೇಡಿ.

ರೂಲ್ಸ್ ಜಾಸ್ತಿ ಇಲ್ಲ. ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡ ಉದ್ದ ಕ್ರಾಸ್ ಆದ್ರೆ ಅಡ್ಡ ಮೊದ್ಲು, ಇಡೀ ಅಕ್ಷರವನ್ನ ಸೀಳ್ಕೊಂಡು ಹೋಗೋ ಉದ್ದ ಗೆರೆ ಕೊನೆಗೆ (ಮಧ್ಯ ಅನ್ನೋ ಜೋಂಗ್ ಹಾಗೇ). ಸುತ್ತ ಗೋಡೆ ಇರೋ ಅಕ್ಷರಕ್ಕೆ ಮೊದ್ಲು ಒಳಗೆ ಹೋಗು ಆಮೇಲೆ ಬಾಗಿಲು ಹಾಕು ಅಂತ ಚೀನಾದಲ್ಲಿ ಮಕ್ಕಳಿಗೆ ಹೇಳ್ಕೊಡ್ತಾರೆ. ದೇಶ ಅನ್ನೋ ಗ್ವೋ ತಗೊಳ್ಳಿ, ಎಂಟು ಸ್ಟ್ರೋಕು: ಎಡಗೋಡೆ, ಮೇಲ್ಛಾವಣಿ ಬಲಗೋಡೆ ಸೇರಿ ಒಂದು, ಒಳಗೆ ಜೇಡ್ ರತ್ನ ಅನ್ನೋ ಐದು ಸ್ಟ್ರೋಕಿನ ಯು, ಕೊನೆಗೆ ಕೆಳಗಿನ ಗೆರೆ ಎಳೆದು ಬಾಗಿಲು ಬಂದ್. ನಾನು ಗೋಡೆ ನಾಲ್ಕೂ ಕಟ್ಟಿ ಆಮೇಲೆ ಒಳಗೆ ತುರುಕ್ತಿದ್ದೆ, ಜಾಗ ಸಾಲದೆ ಪಾಪ ಆ ಯು ಚಪ್ಪಟೆ ಆಗ್ಬಿಡ್ತಿತ್ತು.

ರೂಲ್ ಮುರಿಯೋವೂ ಇವೆ. ಚಿಕ್ಕದು ಅನ್ನೋ ಶಿಯಾವ್‌ಗೆ ನಡುವಿನ ಗೆರೆ ಮೊದ್ಲು, ಅಕ್ಕಪಕ್ಕದ್ದು ಆಮೇಲೆ, ಅದೇ ಬೆಂಕಿ ಅನ್ನೋ ಹ್ವೋಗೆ ಉಲ್ಟಾ, ಎಡಬಲದ ಕಿಡಿ ಮೊದ್ಲು ಹಾಕಿ ಆಮೇಲೆ ನಡುವಿಂದು. ಇಂಥವನ್ನ ಲಾಜಿಕ್ ಹುಡುಕ್ದೆ ಬಾಯಿಪಾಠ ಮಾಡ್ಬಿಡಿ.

ಇನ್ನೊಂದು, ವಿಡಿಯೋ ನೋಡಿ ಕಲಿಯೋರು ಅದು ಚೈನೀಸಾ ಜಪಾನೀಸಾ ಅಂತ ಮೊದ್ಲು ನೋಡ್ಕೊಳ್ಳಿ. ಗದ್ದೆ ಅನ್ನೋ ತಿಯೆನ್ ಅಕ್ಷರದ (ಚೌಕದೊಳಗೆ ಪ್ಲಸ್ ಥರ) ಒಳಗಿನ ಕ್ರಾಸಿಗೆ ಚೀನಾದಲ್ಲಿ ಅಡ್ಡಗೆರೆ ಮೊದ್ಲು, ಜಪಾನಲ್ಲಿ ಉದ್ದಗೆರೆ ಮೊದ್ಲು. ಎರಡೂ ಸರಿ, ಆದ್ರೆ ಮಿಕ್ಸ್ ಮಾಡಿದ್ರೆ ಕೈ ಕನ್ಫ್ಯೂಸ್ ಆಗುತ್ತೆ. ಚೀನಾ ಸರ್ಕಾರ 1997ರಲ್ಲೇ 7000 ಅಕ್ಷರಗಳಿಗೆ ಒಂದೊಂದಕ್ಕೂ ಆರ್ಡರ್ ಫಿಕ್ಸ್ ಮಾಡಿತ್ತು, 2021ರಿಂದ ಅದರ ಬದ್ಲು 8105 ಅಕ್ಷರಗಳ ಹೊಸ ಸ್ಟಾಂಡರ್ಡ್ ಬಂದಿದೆ, ಡೌಟ್ ಬಂದ್ರೆ ಆ ಹೊಸ ಸ್ಟಾಂಡರ್ಡ್ ಪ್ರಕಾರ ತೋರ್ಸೋ ಡಿಕ್ಷನರಿ ಆ್ಯಪ್ ನೋಡಿ.

ಪ್ರಾಕ್ಟೀಸಿಗೆ ಗೆರೆ ಪುಸ್ತಕ ಬೇಡ, ಚೌಕದ ಪುಸ್ತಕ ಬೇಕು. ಪ್ರತಿ ಚೌಕದಲ್ಲೂ ಪ್ಲಸ್ ಥರ ತೆಳು ಗೆರೆ ಇರೋದಕ್ಕೆ ತಿಯೆನ್ ಜ಼ೆ ಗ ಅಂತಾರೆ, ಗದ್ದೆ ಅಕ್ಷರದ ಹಾಗೇ ಕಾಣುತ್ತಲ್ಲ ಅದಕ್ಕೆ ಆ ಹೆಸ್ರು. ಯಾವ ಗೆರೆ ಎಷ್ಟು ಉದ್ದ ಅಂತ ಅದ್ರಲ್ಲಿ ತಕ್ಷಣ ಗೊತ್ತಾಗುತ್ತೆ, ಉದ್ದ ಮುಖ್ಯ ಮಾರಾಯ್ರೆ, ಮಣ್ಣು ಅನ್ನೋ ಅಕ್ಷರದಲ್ಲಿ ಕೆಳಗಿನ ಅಡ್ಡಗೆರೆ ಉದ್ದ, ಮೇಲಿನದು ಉದ್ದ ಆಯ್ತೋ ಅದು ವಿದ್ವಾಂಸ ಆಗ್ಬಿಡುತ್ತೆ. ಒಂದು ಅಕ್ಷರ ಐದು ಸಲ ನೋಡ್ಕೊಂಡು ಬರೀರಿ, ಆಮೇಲೆ ಪುಸ್ತಕ ಮುಚ್ಚಿ ಗಾಳೀಲಿ ಬೆರಳಾಡಿಸಿ ಒಂದು ಸಲ, ಬೆರಳು ಎಲ್ಲಿ ತಡವರಿಸ್ತೋ ಆ ಸ್ಟ್ರೋಕ್ ಇನ್ನೂ ಬಂದಿಲ್ಲ ಅಂತ, ಅದನ್ನ ಮಾತ್ರ ಮತ್ತೆ ನೋಡಿ.